ಹತ್ತು ದಿನದಲ್ಲಿ ಮೂರು ಸಲ ಕ್ಯಾಶ್ ಕಮ್ಮಿ: ಒಂದು ಬಿಲ್ಲಿಂಗ್ ಕೌಂಟರಿನ ಪ್ರಕರಣ ಅಧ್ಯಯನ

2020ರ ಅಕ್ಟೋಬರಿನಲ್ಲಿ ನಾನು ಒಬ್ಬ ಕ್ಯಾಶಿಯರ್‌ಗೆ ಮೆಮೋ ಬರೆದೆ. ಹತ್ತು ದಿನದಲ್ಲಿ ಮೂರು ಸಲ ಅವರ ಡ್ರಾಯರ್‌ನಲ್ಲಿ ಕ್ಯಾಶ್ ಕಮ್ಮಿ ಬಂದಿತ್ತು. ದೊಡ್ಡ ಮೊತ್ತವೇನಲ್ಲ. ಆದರೆ ಮೂರು ಸಲ ಕಮ್ಮಿ ಬಂದರೆ ಮೆಮೋ ಕೊಡಬೇಕು ಅಂತ ನಿಯಮ ಇತ್ತು. ಆ ಫ್ಲೋರಿನ ಸೂಪರ್‌ವೈಸರ್ ನಾನು, ಬರೆದೆ. ಅವರು ಓದಿ, ಸಹಿ ಹಾಕಿ, "ಸರಿ ಮೇಡಂ" ಅಂದು ಕೌಂಟರಿಗೆ ವಾಪಸ್ ಹೋದರು. ವಾದ ಇಲ್ಲ, ಕಣ್ಣೀರಿಲ್ಲ, ಸಿಟ್ಟೂ ಇಲ್ಲ. ಎಂಟು ವರ್ಷ ಅದೇ ಅಂಗಡಿಯಲ್ಲಿ ದುಡಿದವರು ಅವರು. ಮೊದಲೆಲ್ಲ ಲೆಕ್ಕ ಸ್ವಲ್ಪ ತಪ್ಪಿದರೂ ಮನೆಗೆ ಹೋಗದೆ ನಿಂತು ನಾಲ್ಕು ಸಲ ಎಣಿಸುತ್ತಿದ್ದವರು. ಅಂಥವರು ಆ ದಿನ ಯಾಕೆ ಏನೂ ಹೇಳಲಿಲ್ಲ ಅಂತ ನಾನು ಕೇಳಲೂ ಇಲ್ಲ.

ಅವರಿಗೆ ಆಗಿದ್ದದ್ದು ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಮನುಷ್ಯ ಒಳಗಿಂದ ಬತ್ತಿಹೋಗುವುದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಅಂಗಡಿ ಯಾವುದನ್ನೂ ಹೇಳುವುದಿಲ್ಲ. ಫ್ಲೋರಿನಲ್ಲಿ ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. ಒಬ್ಬರಿಗೆ ಆದದ್ದನ್ನು ಇಟ್ಟುಕೊಂಡು ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲು ಬರುವುದಿಲ್ಲ. ಅದೂ ಅಲ್ಲದೆ ಅವರ ರೋಸ್ಟರ್, ಅಂದರೆ ಶಿಫ್ಟ್‌ಗಳ ಪಟ್ಟಿ, ಹಾಕುತ್ತಿದ್ದವಳೇ ಬರೆಯುತ್ತಿದ್ದಾಳೆ. ಅದನ್ನು ನೆನಪಿಟ್ಟುಕೊಂಡು ಓದಿ.

ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆದದ್ದು 2020ರ ಮಾರ್ಚ್ 11ರಂದು. ಆಮೇಲಿನ ದಿನಗಳು ಎಲ್ಲರಿಗೂ ನೆನಪಿರುತ್ತವೆ. ನಮ್ಮದು ದೊಡ್ಡ ದಿನಸಿ ಅಂಗಡಿ, ಮುಚ್ಚುವ ಹಾಗಿರಲಿಲ್ಲ. ರ‍್ಯಾಕ್ ತುಂಬಿಸುವಷ್ಟರಲ್ಲೇ ಖಾಲಿ. ಸ್ಯಾನಿಟೈಸರ್, ಸೋಪು, ಮಾಸ್ಕ್ ಬಂದ ಗಂಟೆಯಲ್ಲೇ ಮುಗಿಯುತ್ತಿದ್ದವು. ಕ್ಯೂ ಬಾಗಿಲು ದಾಟಿ ರಸ್ತೆಗೆ ಹೋಗುತ್ತಿತ್ತು.

ವಿಚಿತ್ರ ಅನಿಸಬಹುದು, ಅಕ್ಕ ಆ ತಿಂಗಳುಗಳಲ್ಲಿ ಚೆನ್ನಾಗಿಯೇ ಇದ್ದರು. ಕೆಲಸ ಜಾಸ್ತಿ, ಭಯವೂ ಜಾಸ್ತಿ. ಆದರೂ ಅವರ ಮುಖದಲ್ಲಿ ಒಂದು ಹುರುಪಿತ್ತು. ಗ್ರಾಹಕರು ಥ್ಯಾಂಕ್ಸ್ ಹೇಳುತ್ತಿದ್ದರು. ಬಾಗಿಲಿಗೆ "ನಮ್ಮ ಹೀರೋಗಳು ಇಲ್ಲಿ ಕೆಲಸ ಮಾಡುತ್ತಾರೆ" ಅಂತ ದೊಡ್ಡ ಬ್ಯಾನರ್ ಕಟ್ಟಿದ್ದರು, ಸಂಬಳದ ಜೊತೆ ಸ್ವಲ್ಪ ಹೆಚ್ಚುವರಿ ಭತ್ಯೆಯೂ ಬರುತ್ತಿತ್ತು. ಭತ್ಯೆ ಎರಡು ತಿಂಗಳಿಗೆ ನಿಂತಿತು. ನಮ್ಮಲ್ಲಿ ಮಾತ್ರ ಅಲ್ಲ, ಅಮೆರಿಕದ ಹಲವು ದೊಡ್ಡ ಸರಣಿ ಅಂಗಡಿಗಳೂ ಇಂಥ ಹೆಚ್ಚುವರಿ ಕೂಲಿಯನ್ನು 2020ರ ಮಧ್ಯದ ಹೊತ್ತಿಗೇ ನಿಲ್ಲಿಸಿದ್ದವು. ಸೋಂಕು ನಿಲ್ಲಲಿಲ್ಲ. ಬ್ಯಾನರ್ ಹಾಗೇ ಇತ್ತು.

ಮನೆಯಲ್ಲಿ ವಯಸ್ಸಾದ ತಂದೆ, ಶಾಲೆಗೆ ಹೋಗುವ ಮಗಳು. ಅಕ್ಕ ಕೆಲಸದಿಂದ ಹೋದವರು ಬಟ್ಟೆ ಬದಲಿಸಿ, ಸ್ನಾನ ಮಾಡಿ, ಬೇರೆ ತಟ್ಟೆಯಲ್ಲಿ ಊಟ ಮಾಡಿ ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ಆರು ತಿಂಗಳು ತಂದೆಯ ಹತ್ತಿರ ಕೂತು ಮಾತಾಡಿರಲಿಲ್ಲ ಅಂತ ಆಮೇಲೆ ಹೇಳಿದರು. ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನ್. ಮಗಳ ಆನ್‌ಲೈನ್ ಕ್ಲಾಸಿಗೆ ಅದನ್ನು ಬಿಟ್ಟು ಬರುತ್ತಿದ್ದರು. ಹೀಗಾಗಿ ಎಂಟು ಒಂಬತ್ತು ಗಂಟೆ ಮನೆಯ ಸುದ್ದಿಯೇ ಗೊತ್ತಾಗುತ್ತಿರಲಿಲ್ಲ. ತಂದೆಗೆ ಕೆಮ್ಮು ಬಂದರೂ ಗೊತ್ತಾಗುತ್ತಿದ್ದದ್ದು ರಾತ್ರಿ.

ಆ ಭಯ ಬರೀ ಕಲ್ಪನೆ ಆಗಿರಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಒಂದು ದಿನಸಿ ಅಂಗಡಿಯಲ್ಲಿ 2020ರ ಮೇ ತಿಂಗಳಲ್ಲಿ 104 ಕೆಲಸಗಾರರನ್ನು ಪರೀಕ್ಷಿಸಿದಾಗ 21 ಜನರಿಗೆ ಸೋಂಕಿತ್ತು. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಲಕ್ಷಣವೇ ಇರಲಿಲ್ಲ. ಗ್ರಾಹಕರ ಎದುರು ನಿಂತು ಕೆಲಸ ಮಾಡುವವರಿಗೆ ಅಪಾಯ ಐದು ಪಟ್ಟು ಅಂತ ಲೆಕ್ಕ ಬಂತು, ಸುಮಾರು ಕಾಲು ಭಾಗ ಜನರಲ್ಲಿ ಆತಂಕದ ಲಕ್ಷಣಗಳೂ ಕಂಡವು. ಅಂದರೆ ಪಕ್ಕದ ಕೌಂಟರಿನವರು ಆರೋಗ್ಯವಾಗಿ ಕಾಣುತ್ತಾರೆ ಅನ್ನುವುದು ಧೈರ್ಯ ತಂದುಕೊಳ್ಳಲು ಸಾಲದು. ಅಕ್ಕ ಈ ಅಂಕಿ ಓದಿರಲಿಲ್ಲ. ಓದದೆಯೇ ಅವರಿಗೆ ಗೊತ್ತಿತ್ತು.

ಜುಲೈ ಆಗಸ್ಟ್ ಹೊತ್ತಿಗೆ ಬದಲಾವಣೆ ಶುರುವಾಯಿತು. ಗ್ರಾಹಕರ ಥ್ಯಾಂಕ್ಸ್ ನಿಂತಿತು, ಜಗಳ ಹೆಚ್ಚಾಯಿತು. ಮಾಸ್ಕ್ ಹಾಕಿ ಅಂದರೆ ಸಿಟ್ಟು, ಒಬ್ಬರಿಗೆ ಎರಡೇ ಅಂದರೆ ಸಿಟ್ಟು, ನೆಲದ ಮೇಲಿನ ವೃತ್ತದಲ್ಲಿ ನಿಲ್ಲಿ ಅಂದರೆ ಸಿಟ್ಟು. ಮೂವರು ಸಹೋದ್ಯೋಗಿಗಳು ಸೋಂಕು ತಗುಲಿ ರಜೆ ಹೋದರು, ಅವರ ಶಿಫ್ಟ್‌ಗಳನ್ನು ಉಳಿದವರ ಮೇಲೆ ಹಾಕಿದೆ. ಅಕ್ಕ ಯಾವತ್ತೂ ಆಗಲ್ಲ ಅಂದವರಲ್ಲ, ಹಾಗಾಗಿ ಅವರ ಹೆಸರೇ ಮೊದಲು ಬರೆಯುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ.

ಆಗಸ್ಟ್‌ನಲ್ಲಿ ಅವರು ಬೆಳಗ್ಗೆ ತಲೆನೋವು ಅನ್ನುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅನ್ನುವುದನ್ನೂ ಬಿಟ್ಟರು. ವಾರದ ರಜೆಯ ಮರುದಿನವೂ ಮುಖ ಬಾಡಿರುತ್ತಿತ್ತು. ಹೊಸ ಹುಡುಗಿಯರಿಗೆ ಬಿಲ್ಲಿಂಗ್ ಕಲಿಸುತ್ತಿದ್ದವರು "ನೋಡ್ಕೊಳ್ರಮ್ಮ, ಬಂದುಬಿಡುತ್ತೆ" ಅಂದು ಮುಗಿಸುತ್ತಿದ್ದರು. ಗ್ರಾಹಕರನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದವರು ತಲೆ ಎತ್ತದೆ ಸ್ಕ್ಯಾನ್ ಮಾಡಿ ಮೊತ್ತ ಹೇಳುತ್ತಿದ್ದರು. ನಮಗೆ ಇದು ತೊಂದರೆ ಅಂತ ಅನಿಸಲೇ ಇಲ್ಲ. ಬಿಲ್ಲಿಂಗ್ ಮೊದಲಿಗಿಂತ ಬೇಗ ಆಗುತ್ತಿತ್ತಲ್ಲ. ತಿಂಗಳ ವರದಿಯಲ್ಲಿ ಅವರ ಕೌಂಟರಿನ ಸ್ಪೀಡ್ ಚೆನ್ನಾಗಿದೆ ಅಂತ ನಾನೇ ಬರೆದಿದ್ದೇನೆ.

ಮೆಮೋ ಕೊಟ್ಟ ನಾಲ್ಕನೇ ದಿನ

ಸಂಜೆಯ ಹೊತ್ತು. ಒಬ್ಬ ಗ್ರಾಹಕ ಮಾಸ್ಕ್ ಅನ್ನು ಗಲ್ಲಕ್ಕೆ ಇಳಿಸಿಕೊಂಡು ಕೌಂಟರಿಗೆ ಬಂದ. ಅಕ್ಕ ಮಾಸ್ಕ್ ಮೇಲಕ್ಕೆ ಎಳೆದುಕೊಳ್ಳಲು ಕೇಳಿದರು. ಆತ ಅಕ್ರಿಲಿಕ್ ಶೀಟಿನ ಪಕ್ಕಕ್ಕೆ ಬಾಗಿ, ಅವರ ಮುಖದ ಹತ್ತಿರ ಬಂದು, ನನಗೆ ಹೇಳೋಕೆ ನೀನ್ಯಾರು ಅಂತ ಕೂಗಿದ. ಮ್ಯಾನೇಜರ್ ಓಡಿ ಬಂದರು. ಬಂದವರು ಗ್ರಾಹಕನಿಗೆ ಸಾರಿ ಕೇಳಿದರು. ಅಕ್ಕನ ಕಡೆ ತಿರುಗಿ "ಬೇಗ ಬಿಲ್ ಮಾಡಿ ಕಳಿಸಿ" ಅಂದರು. ಅಕ್ಕ ಬಿಲ್ ಮಾಡಿದರು, ಚಿಲ್ಲರೆ ಕೊಟ್ಟರು, "ಮತ್ತೆ ಬನ್ನಿ" ಅಂದರು. ಹಾಗೆ ಹೇಳಲೇಬೇಕು ಅಂತ ನಿಯಮ.

ಮರುದಿನ ಅವರು ಬಂದು ಯೂನಿಫಾರ್ಮ್ ಹಾಕಿಕೊಂಡರು, ಹಾಜರಿ ಹಾಕಿದರು, ಗ್ಲೌಸ್ ತರಲು ಸ್ಟಾಕ್ ರೂಮಿಗೆ ಹೋದರು. ಇಪ್ಪತ್ತು ನಿಮಿಷ ಆದರೂ ಬರಲಿಲ್ಲ. ಹೋಗಿ ನೋಡಿದರೆ ಒಂದು ರಟ್ಟಿನ ಡಬ್ಬದ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ.

"ಏನಾಯ್ತು ಅಕ್ಕ?" ಅಂದೆ.

"ಏನೂ ಆಗಿಲ್ಲ ಮೇಡಂ. ಏಳೋಕೆ ಆಗ್ತಿಲ್ಲ. ಕಾಲು ಬರ್ತಿಲ್ಲ."

ಮನೆಗೆ ಕಳಿಸಿದೆವು. ಡಾಕ್ಟರ್ ಹತ್ತಿರ ಹೋದರು. ಆ ಡಾಕ್ಟರ್ ಮಾಡಿದ್ದು ಸರಿಯಾದ ಕೆಲಸ ಅಂತ ನನಗೆ ಅನಿಸುತ್ತದೆ. ಟೆನ್ಷನ್ ಅಷ್ಟೇ ಅಂದು ಮಾತ್ರೆ ಬರೆದು ಕಳಿಸಲಿಲ್ಲ. ಕೋವಿಡ್ ಪರೀಕ್ಷೆ ಮಾಡಿಸಿದರು, ರಕ್ತಹೀನತೆ ಮತ್ತು ಥೈರಾಯ್ಡ್ ಇದೆಯಾ ನೋಡಿದರು. ಬದುಕೇ ಬೇಡ ಅನಿಸಿದ್ದುಂಟಾ ಅಂತ ನೇರವಾಗಿ ಕೇಳಿದರು. ಇಲ್ಲ ಅಂದರಂತೆ ಅಕ್ಕ, ಆ ಅಂಗಡಿಯ ಬಾಗಿಲು ನೋಡಬಾರದು ಅನಿಸುತ್ತದೆ ಅಷ್ಟೇ. ಮಗಳ ಜೊತೆ ಇದ್ದಾಗ ಈಗಲೂ ನಗು ಬರುತ್ತದೆ ಅಂದರಂತೆ. ಖಿನ್ನತೆ ಮತ್ತು ಬರ್ನ್‌ಔಟ್ ಒಂದರೊಳಗೊಂದು ಬೆರೆತಿರುತ್ತವೆ, ಗೆರೆ ಎಳೆಯುವುದು ಸುಲಭ ಅಲ್ಲ. ಆದರೆ ಖಿನ್ನತೆ ಬದುಕಿನ ಎಲ್ಲ ಕಡೆಗೂ ಹಬ್ಬುತ್ತದೆ, ಬರ್ನ್‌ಔಟ್‌ನ ಬೇರು ಕೆಲಸದಲ್ಲಿರುತ್ತದೆ. ಮೂರು ವಾರ ರಜೆ ಬರೆದುಕೊಟ್ಟು, ಎರಡು ವಾರಕ್ಕೊಮ್ಮೆ ಬಂದು ತೋರಿಸಿ ಅಂದರು.

ರೋಸ್ಟರ್ ತೆಗೆದು ನೋಡಿದಾಗ

ಆ ಮೂರು ವಾರದಲ್ಲಿ ನಾನು ಓದಲು ಕೂತೆ. ಬರ್ನ್‌ಔಟ್ ಎಂಬ ಪದವನ್ನು 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ ನ್ಯೂಯಾರ್ಕಿನ ಉಚಿತ ಕ್ಲಿನಿಕ್ ಒಂದರ ಅನುಭವದಿಂದ ಬರೆದರು. ಅಲ್ಲಿ ಸುಸ್ತಾಗಿ ಬಿದ್ದವರು ಮನಸ್ಸಿಟ್ಟು ದುಡಿಯುತ್ತಿದ್ದ ಸ್ವಯಂಸೇವಕರು. ಇದನ್ನು ಓದಿದಾಗ ಅಕ್ಕ ನೆನಪಾದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆ ಅಂತ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ. ಸಂಭಾಳಿಸಲಾಗದೆ ಉಳಿದುಹೋದ ಕೆಲಸದ ಒತ್ತಡದಿಂದ ಬರುವಂಥದ್ದು. ಅದರಲ್ಲಿ ಮೂರು ಲಕ್ಷಣ ಹೇಳುತ್ತಾರೆ: ಶಕ್ತಿ ಪೂರ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ತುಂಬುವುದು, ಕೆಲಸದಲ್ಲಿ ಕೈ ಸಾಗದೆ ಹೋಗುವುದು.

ಅಕ್ಕನಲ್ಲಿ ಮೂರೂ ಇದ್ದವು. ಬಾಡಿದ ಮುಖ ಮೊದಲನೆಯದು, ಕ್ಯಾಶ್ ಕಮ್ಮಿ ಬಂದದ್ದು ಮೂರನೆಯದು. ಎರಡನೆಯದನ್ನು, ಆ ತಲೆ ಎತ್ತದ ಸ್ಕ್ಯಾನಿಂಗನ್ನು, ನಾನು ಸ್ಪೀಡ್ ಅಂತ ಬರೆದಿದ್ದೆ.

ಆಮೇಲೆ ಒಂದು ರಾತ್ರಿ ಕ್ಯಾಶ್ ಕಮ್ಮಿ ಬಂದ ತಾರೀಖುಗಳನ್ನು ರೋಸ್ಟರ್ ಪಕ್ಕದಲ್ಲಿ ಇಟ್ಟು ನೋಡಿದೆ. ಮೂರೂ ದಿನ ಓಪನಿಂಗ್ ಶಿಫ್ಟ್. ಮೂರಕ್ಕೂ ಹಿಂದಿನ ರಾತ್ರಿ ಕ್ಲೋಸಿಂಗ್ ಶಿಫ್ಟ್. ಅಂದರೆ ರಾತ್ರಿ ಹತ್ತೂವರೆಗೆ ಡ್ರಾಯರ್ ಒಪ್ಪಿಸಿ, ಬೆಳಗ್ಗೆ ಆರೂವರೆಗೆ ಮತ್ತೆ ಕೌಂಟರ್. ಮಧ್ಯೆ ಎಂಟು ಗಂಟೆ. ಅದರಲ್ಲೇ ಹೋಗಿ ಬರುವುದು, ಸ್ನಾನ, ಊಟ, ತಂದೆಯ ಮಾತ್ರೆ. ಐದು ಗಂಟೆ ನಿದ್ದೆ ಬಂದರೆ ಹೆಚ್ಚು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ದಿನಕ್ಕೆ ಸತತ 11 ಗಂಟೆ ಬಿಡುವು ಕೊಡಬೇಕು ಅಂತಿದೆ, ಸುಮ್ನೆ ಹಾಗೆ ಇಟ್ಟಿಲ್ಲ. ರೋಸ್ಟರ್ ಹಾಕಿದ್ದು ನಾನು, ಮೆಮೋ ಬರೆದದ್ದೂ ನಾನು.

ಆದರೆ ಬರೀ ನಿದ್ದೆಗೇಡು ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಏಪ್ರಿಲ್‌ನಲ್ಲಿ ಇದಕ್ಕಿಂತ ಜಾಸ್ತಿ ಗಂಟೆ ದುಡಿದಿದ್ದರು, ಆಗ ಬೀಳಲಿಲ್ಲ. ಹಾಗಾದರೆ ನಡುವೆ ಬದಲಾದದ್ದು ಏನು? ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ, ಅಕ್ಕನ ಹತ್ತಿರವೂ ಕೇಳಿದ್ದೇನೆ. ಅವರು ಹೇಳಿದ ಒಂದು ಮಾತು ಇದು:

"ಮೇಡಂ, ಒಂದು ಐಟಂ ಕ್ಯಾನ್ಸಲ್ ಮಾಡೋಕೆ ನಿಮ್ಮ ಕೀ ಬೇಕು ನನಗೆ. ಆದ್ರೆ ಮಾಸ್ಕ್ ಹಾಕದೋರನ್ನ ತಡೀಬೇಕಾದ್ದು ನಾನೊಬ್ಬಳೇ."

ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ತಪ್ಪಿ ಎರಡು ಸಲ ಸ್ಕ್ಯಾನ್ ಆದ ಒಂದು ಸೋಪನ್ನು ಬಿಲ್ಲಿನಿಂದ ತೆಗೆಯಲು ಕ್ಯಾಶಿಯರ್‌ಗೆ ಅಧಿಕಾರ ಇಲ್ಲ. ಗಂಟೆ ಒತ್ತಿ, ಸೂಪರ್‌ವೈಸರ್ ಬಂದು ಕೀ ತಿರುಗಿಸುವವರೆಗೆ ಕ್ಯೂ ಬೈಯುತ್ತ ನಿಂತಿರುತ್ತದೆ. ಅದೇ ಕ್ಯಾಶಿಯರ್ ತನಗಿಂತ ದೊಡ್ಡ ದನಿಯ, ದುಡ್ಡು ಹಿಡಿದು ನಿಂತ ಗ್ರಾಹಕನಿಗೆ ಸಾರ್ವಜನಿಕ ಆರೋಗ್ಯದ ನಿಯಮ ಹೇಳಿ ಪಾಲಿಸುವ ಹಾಗೆ ಮಾಡಬೇಕಿತ್ತು. ಹೇಳದಿದ್ದರೆ ನಮ್ಮಿಂದ ಬೈಗುಳ. ಹೇಳಿದರೆ ಗ್ರಾಹಕನಿಂದ ಬೈಗುಳ, ಆಮೇಲೆ ಮ್ಯಾನೇಜರ್ ಬಂದು ಅದೇ ಗ್ರಾಹಕನಿಗೆ ಸಾರಿ ಹೇಳುವುದನ್ನು ನೋಡುತ್ತ ನಿಲ್ಲಬೇಕು. ದಿನಕ್ಕೆ ಎಷ್ಟು ಸಲ ಇದು ನಡೆಯುತ್ತಿತ್ತು ಅಂತ ಯಾರೂ ಲೆಕ್ಕ ಇಟ್ಟಿರಲಿಲ್ಲ, ಯಾಕೆಂದರೆ ಮಷಿನ್ ಲೆಕ್ಕ ಇಡುವುದು ಬಿಲ್ಲುಗಳನ್ನು ಮಾತ್ರ.

ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದು ಇದನ್ನೇ. ಕೆಲಸದ ಬೇಡಿಕೆ ಜಾಸ್ತಿ ಇರುವುದಷ್ಟೇ ಮನುಷ್ಯನನ್ನು ಮುರಿಯುವುದಿಲ್ಲ, ಬೇಡಿಕೆ ಜಾಸ್ತಿಯಿದ್ದು ತೀರ್ಮಾನ ತೆಗೆದುಕೊಳ್ಳುವ ಹಕ್ಕು ಕಮ್ಮಿಯಿರುವುದು ಮುರಿಯುತ್ತದೆ. ಮುಂದೆ ಬೇರೆ ಸಂಶೋಧಕರು ಇದಕ್ಕೆ ಜೊತೆಗಾರರ ಆಸರೆಯನ್ನೂ ಸೇರಿಸಿದರು. ಅದು ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಆಸರೆ ಅಂದಾಗ ನಮ್ಮ ಬ್ರೇಕ್ ರೂಮಿನ ಬಗ್ಗೆ ಹೇಳಲೇಬೇಕು. ಚಿಕ್ಕ ಕೋಣೆ, ಆರು ಕುರ್ಚಿ, ಕಿಟಕಿ ಇಲ್ಲ. ಸೋಂಕು ಹರಡುತ್ತದೆ ಅಂತ ಏಪ್ರಿಲ್‌ನಲ್ಲಿ ಬೀಗ ಹಾಕಿದೆವು. ಆ ತೀರ್ಮಾನ ತಪ್ಪಲ್ಲ, ಗಾಳಿಯಾಡದ ಜಾಗ ಅದು. ತಪ್ಪಾದದ್ದು, ಬದಲಿಗೆ ಏನೂ ಕೊಡದಿದ್ದದ್ದು. ಎಲ್ಲರೂ ಒಬ್ಬೊಬ್ಬರೇ ರ‍್ಯಾಕುಗಳ ಹಿಂದೆ ನಿಂತುಕೊಂಡು ಊಟ ಮಾಡುತ್ತಿದ್ದರು. ಮಾಸ್ಕ್ ತೆಗೆದು ಹತ್ತು ನಿಮಿಷ ನೆಮ್ಮದಿಯಾಗಿ ಉಸಿರಾಡಲು ಇಡೀ ಅಂಗಡಿಯಲ್ಲಿ ಒಂದು ಜಾಗ ಇರಲಿಲ್ಲ. ಮೊದಲು ಜಗಳಗಂಟ ಗ್ರಾಹಕ ಬಂದು ಹೋದ ಮೇಲೆ ಆ ಕೋಣೆಯಲ್ಲಿ ಅವನ ಹಾಗೆ ಮಾತಾಡಿ ತೋರಿಸಿ ಎಲ್ಲರೂ ನಗುತ್ತಿದ್ದರು, ಅವಮಾನ ಅಲ್ಲೇ ಕರಗಿ ಹೋಗುತ್ತಿತ್ತು. ಬೀಗ ಹಾಕಿದ ಮೇಲೆ ಪ್ರತಿಯೊಬ್ಬರೂ ಅದನ್ನು ಒಬ್ಬರೇ ಮನೆಗೆ ಹೊತ್ತುಕೊಂಡು ಹೋದರು. ಅಕ್ಕನಿಗೆ ಮನೆಯಲ್ಲೂ ಹತ್ತಿರ ಕೂತು ಹೇಳಿಕೊಳ್ಳುವ ಹಾಗಿರಲಿಲ್ಲ.

ಇನ್ನು ನಗು. ಒಳಗೊಂದು ಇದ್ದರೂ ಹೊರಗೆ ಇನ್ನೊಂದು ಮುಖ ತೋರಿಸಿ ಸಂಬಳ ಪಡೆಯುವುದಕ್ಕೆ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲೇ ಭಾವನಾತ್ಮಕ ದುಡಿಮೆ ಅಂತ ಹೆಸರಿಟ್ಟರು. ಮಾಸ್ಕ್ ಬಂದ ಮೇಲೆ ಈ ದುಡಿಮೆ ಕಮ್ಮಿ ಆಗುತ್ತದೆ ಅಂತ ನಾನು ಅಂದುಕೊಂಡಿದ್ದೆ, ಮುಖವೇ ಕಾಣಲ್ಲ ಅಲ್ವಾ. ಆದದ್ದು ಉಲ್ಟಾ. ನಗುವನ್ನು ಕಣ್ಣಿನಲ್ಲಿ, ದನಿಯಲ್ಲಿ ತೋರಿಸಬೇಕಾಯಿತು. ಶೀಟಿನ ಆಚೆಗೆ ಕೇಳಲಿ ಅಂತ ಜೋರಾಗಿ ಮಾತಾಡಬೇಕು, ಜೋರಾದರೆ ಒರಟು ಅಂತ ದೂರು. ಸಂಜೆ ಹೊತ್ತಿಗೆ ಅಕ್ಕನ ಗಂಟಲು ಕಟ್ಟಿರುತ್ತಿತ್ತು. ಗಂಟಲು ಕಟ್ಟಿದರೆ ಕೋವಿಡ್ ಇರಬಹುದಾ ಅಂತ ರಾತ್ರಿಯಿಡೀ ಭಯ.

ಏನು ಮಾಡಿದೆವು

ಮೊದಲು ಆಡಳಿತದವರು ಮಾಡಿದ್ದು ಹೇಳುತ್ತೇನೆ. ಹಾಜರಿ ಮಷಿನ್ ಪಕ್ಕ ಕೌನ್ಸೆಲಿಂಗ್ ಸಹಾಯವಾಣಿಯ ನಂಬರ್ ಅಂಟಿಸಿದರು. ನನಗೆ ಗೊತ್ತಿರುವ ಮಟ್ಟಿಗೆ ಯಾರೂ ಕರೆ ಮಾಡಲಿಲ್ಲ. ಶಿಫ್ಟ್‌ನಲ್ಲಿ ಫೋನ್ ಬಳಸುವ ಹಾಗಿಲ್ಲ, ಮನೆಯಲ್ಲಿ ಎಲ್ಲರ ಎದುರು ಮಾತಾಡಲು ಆಗಲ್ಲ. ಆಮೇಲೆ ಅಂಗಡಿ ಮುಚ್ಚಿದ ಮೇಲೆ ಅರ್ಧ ಗಂಟೆ ಸಕಾರಾತ್ಮಕ ಚಿಂತನೆ ಬಗ್ಗೆ ಆನ್‌ಲೈನ್ ಉಪನ್ಯಾಸ ಇಟ್ಟರು. "ಆ ಅರ್ಧ ಗಂಟೆ ನಿದ್ದೆ ಮಾಡೋಕೆ ಬಿಟ್ಟಿದ್ರೆ ಸಾಕಿತ್ತು" ಅಂದದ್ದು ಅಕ್ಕ ಮಾತ್ರ ಅಲ್ಲ. ಕೌನ್ಸೆಲಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ, ಬೇಕಾದವರಿಗೆ ಅದು ಸಿಗಲೇಬೇಕು, ಕೆಲಸದ ವೇಳೆಯಲ್ಲೇ ಸಿಗಬೇಕು. ಆದರೆ ದಿನಾ ಗಾಯ ಆಗುವ ಜಾಗ ಹಾಗೇ ಇಟ್ಟು, ಗಾಯ ಆದವರಿಗೆ ಧೈರ್ಯ ಹೇಳಿದರೆ ಏನು ಪ್ರಯೋಜನ?

ನಾನು ರೋಸ್ಟರ್ ಮತ್ತು ಕ್ಯಾಶ್ ಹಾಳೆಗಳನ್ನು ಮ್ಯಾನೇಜರ್ ಮುಂದೆ ಇಟ್ಟೆ. ಅವರೂ ದಣಿದಿದ್ದರು, ಮೊದಲು ಸಿಡುಕಿದರು, ಎರಡನೇ ದಿನ ಕರೆದು ಕೂರಿಸಿ ಕೇಳಿದರು. ಮೊದಲು ಬದಲಾದದ್ದು ಬಾಗಿಲು. ಮಾಸ್ಕ್ ಮತ್ತು ಮಿತಿಯ ಮಾತು ಇನ್ನು ಕೌಂಟರಿನಲ್ಲಿ ಇಲ್ಲ, ಬಾಗಿಲಲ್ಲೇ. ಅಲ್ಲಿ ನಿಲ್ಲುವುದು ಹೊಸ ಹುಡುಗ ಅಲ್ಲ, ಗ್ರಾಹಕನನ್ನು ವಾಪಸ್ ಕಳಿಸುವ ಅಧಿಕಾರ ಇರುವವರು, ಅಂದರೆ ಸರದಿಯಲ್ಲಿ ನಾವು ಸೂಪರ್‌ವೈಸರ್‌ಗಳು ಮತ್ತು ಮ್ಯಾನೇಜರ್. ಒಂದು ವಾರ ಬಾಗಿಲಲ್ಲಿ ನಿಂತ ಮೇಲೆ ಮ್ಯಾನೇಜರ್ ಗ್ರಾಹಕರಿಗೆ ಸುಮ್ಮನೆ ಸಾರಿ ಹೇಳುವುದನ್ನು ನಿಲ್ಲಿಸಿದರು. ಇದು ನಾನು ಕೇಳಿದ್ದಲ್ಲ, ತಾನಾಗಿ ಆಯಿತು.

ಕೌಂಟರಿನವರಿಗೆ ಒಂದು ಹಕ್ಕು ಕೊಟ್ಟೆವು. ಯಾರಾದರೂ ಕೂಗಾಡಿದರೆ "ಮ್ಯಾನೇಜರ್ ಬರ್ತಾರೆ" ಅಂದು ಹಿಂದೆ ಸರಿದು ನಿಲ್ಲಬಹುದು, ಆ ಬಿಲ್ಲನ್ನು ಮುಗಿಸಲೇಬೇಕು ಅಂತಿಲ್ಲ. ಗ್ರಾಹಕರಿಂದ ಆಗುವ ಕಿರುಕುಳವೂ ಕೆಲಸದ ಜಾಗದ ಕಿರುಕುಳವೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಪ್ಪಿದ 190ನೇ ಒಪ್ಪಂದ ಮತ್ತು ಅದರ ಜೊತೆಗಿನ ಶಿಫಾರಸು ಗ್ರಾಹಕರಂಥ ಹೊರಗಿನವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಸಣ್ಣ ಮೊತ್ತದವರೆಗೆ ಐಟಂ ಕ್ಯಾನ್ಸಲ್ ಮಾಡುವ ಅಧಿಕಾರವನ್ನೂ ಹಳೆಯ ಕ್ಯಾಶಿಯರ್‌ಗಳಿಗೆ ಕೊಟ್ಟೆವು. ದುರುಪಯೋಗ ಆಗುತ್ತದೆ ಅಂತ ಮೇಲಿನವರಿಗೆ ಭಯ ಇತ್ತು, ನಮ್ಮ ಫ್ಲೋರಿನಲ್ಲಿ ಅಂಥದ್ದೇನೂ ಆಗಲಿಲ್ಲ.

ಕ್ಲೋಸಿಂಗ್ ಮಾಡಿದವರಿಗೆ ಮರುದಿನ ಓಪನಿಂಗ್ ಇಲ್ಲ. ರೋಸ್ಟರ್ ಎರಡು ವಾರ ಮುಂಚೆ. ಸಾಮಾನು ಇಳಿಸುವ ಹಿಂಬದಿಯ ತೆರೆದ ಜಾಗದಲ್ಲಿ ದೂರ ದೂರ ಕುರ್ಚಿ ಹಾಕಿದೆವು, ಎರಡು ಗಂಟೆಗೊಮ್ಮೆ ಹತ್ತು ನಿಮಿಷ. ಮೊದಲ ದಿನ ಅಲ್ಲಿಂದ ನಗು ಕೇಳಿ ಬಂದಾಗ ನಾನು ಏನೋ ಬಿದ್ದು ಒಡೆಯಿತೇನೋ ಅಂತ ಓಡಿ ಹೋಗಿ ನೋಡಿದ್ದೆ, ಅಷ್ಟು ತಿಂಗಳಾಗಿತ್ತು ಅದನ್ನು ಕೇಳಿ. ಸಂಬಳ ಸಹಿತ ಕ್ವಾರಂಟೈನ್ ರಜೆ ಕೇಳಿದ್ದೆವು, ಏಳು ದಿನಕ್ಕೆ ಮಾತ್ರ ಒಪ್ಪಿದರು. ನಿಂತ ಭತ್ಯೆ ವಾಪಸ್ ಬರಲೇ ಇಲ್ಲ.

ಆಮೇಲೆ

ಅಕ್ಕ ಮೂರು ವಾರದ ನಂತರ ಬಂದರು. ಮೊದಲ ತಿಂಗಳು ಅರ್ಧ ಶಿಫ್ಟ್, ಅದೂ ಆನ್‌ಲೈನ್ ಆರ್ಡರ್‌ಗಳ ಸಾಮಾನು ತೆಗೆದು ಜೋಡಿಸುವ ಕೆಲಸ, ಗ್ರಾಹಕರ ಮುಖ ಇಲ್ಲ. ನಿದ್ದೆ ಮೊದಲು ಸರಿಹೋಯಿತು, ತಲೆನೋವು ಅದರ ಹಿಂದೆಯೇ ಹೋಯಿತು. ಆದರೆ ಬಿಲ್ಲಿಂಗ್ ಕೌಂಟರಿನ ಹತ್ತಿರ ಹೋದರೆ ಎದೆ ಡವಗುಟ್ಟುವುದು ಮಾತ್ರ ಬಹಳ ದಿನ ನಿಲ್ಲಲಿಲ್ಲ. ಸುಧಾರಿಸಿಕೊಳ್ಳುವುದಕ್ಕೆ ರಜೆಯೊಂದೇ ಸಾಲುವುದಿಲ್ಲ ಅಂತ ನನಗೆ ಅರ್ಥ ಆದದ್ದು ಆಗ. ಜನವರಿಯಲ್ಲಿ ವಾರಕ್ಕೆ ಎರಡು ದಿನ, ಎರಡೆರಡು ಗಂಟೆ ಕೌಂಟರಿಗೆ ಕೂತರು. 2021ರ ಮಾರ್ಚ್‌ನಲ್ಲಿ ನಾಲ್ಕು ದಿನ. ಲೆಕ್ಕ ಮತ್ತೆ ಸರಿಯಾಗಿ ಬರತೊಡಗಿತು.

ಆದರೆ ಅವರು ಮೊದಲಿನ ಅಕ್ಕ ಆಗಲಿಲ್ಲ, ಅದನ್ನು ಮುಚ್ಚಿಡಬಾರದು. ಗ್ರಾಹಕರ ಹೆಸರು ಹಿಡಿದು ಮಾತಾಡಿಸುವುದು ವಾಪಸ್ ಬರಲಿಲ್ಲ. ವರ್ಷದ ಕೊನೆಗೆ ಅವರೇ ಕೇಳಿಕೊಂಡು ಸ್ಟಾಕ್ ತೆಗೆದುಕೊಳ್ಳುವ ವಿಭಾಗಕ್ಕೆ ಹೋದರು. "ಅಲ್ಲಿ ನಗು ಬಂದ್ರೆ ನಗ್ತೀನಿ, ಬರದಿದ್ರೆ ಇಲ್ಲ ಮೇಡಂ" ಅಂದರು. ಅಲ್ಲಿ ಚೆನ್ನಾಗಿದ್ದಾರೆ.

ಮೆಮೋ ಅವರ ಫೈಲಿನಲ್ಲಿತ್ತು. ತೆಗೆಸಲು ಬರೆದು ಕೇಳಿದೆ. ಹಾಕಿದ ಮೆಮೋ ತೆಗೆಯಲು ಬರುವುದಿಲ್ಲ, ಬೇಕಾದರೆ ವಿವರಣೆ ಸೇರಿಸಬಹುದು ಅಂದರು. ಒಂದು ಹಾಳೆಯಲ್ಲಿ ಆ ಮೂರು ತಾರೀಖು ಬರೆದೆ. ಪ್ರತಿಯೊಂದರ ಎದುರು ಹಿಂದಿನ ರಾತ್ರಿ ಅವರು ಡ್ರಾಯರ್ ಒಪ್ಪಿಸಿದ ಸಮಯ, ಬೆಳಗ್ಗೆ ಹಾಜರಿ ಹಾಕಿದ ಸಮಯ. ಕೆಳಗೆ ರೋಸ್ಟರ್ ತಯಾರಿಸಿದವರು ಅಂತ ಬರೆದು ನನ್ನ ಹೆಸರು, ಸಹಿ. ಅದನ್ನು ಅಕ್ಕನಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. ಆಮೇಲೆ ಪೆನ್ ಕೇಳಿ, ಮೂರನೇ ದಿನದ ಹಾಜರಿ ಸಮಯದಲ್ಲಿ ನಾನು ಐದು ನಿಮಿಷ ತಪ್ಪು ಬರೆದದ್ದನ್ನು ಸರಿ ಮಾಡಿ ವಾಪಸ್ ಕೊಟ್ಟರು.